ಮೊಣಕೈ ನಲ್ಲಿ

ನನ್ನ ವಾರಗಿತ್ತಿಯ ಕೈ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮುಖ ಕಂಡರೆ ಅಲ್ಲ. ಮುಖದಲ್ಲಿ ನಾನೇನೂ ಅವಳಿಗಿಂತ ಕಡಿಮೆಯಿಲ್ಲ. ಬಟ್ಟೆ ಕಂಡರೂ ಅಲ್ಲ. ಕೈ. ಬೆಣ್ಣೆಯಂಥ ಕೈ. ಉಗುರು ಒಂದೇ ಸಮ ಕತ್ತರಿಸಿರುತ್ತದೆ. ಹತ್ತಿರ ಬಂದರೆ ಸೋಪಿನ ವಾಸನೆ. ನನ್ನ ಕೈಯನ್ನು ಫಿನಾಯಿಲ್ ತಿಂದುಹಾಕಿದೆ. ಬೆರಳ ಸಂದಿಗಳಲ್ಲಿ ಹುಣ್ಣು. ಅಂಗೈ ಒಡೆದಿದೆ. ಒಡಕಿನೊಳಗೆ ಕಪ್ಪು ಕೂತಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮಗಳ ತಲೆ ಬಾಚಲು ಕೂತರೆ ಅವಳ ಕೂದಲು ಆ ಒಡಕಿಗೆ ಸಿಕ್ಕಿಕೊಳ್ಳುತ್ತದೆ.

“ಅಮ್ಮಾ, ನಿನ್ನ ಕೈ ಚುಚ್ಚುತ್ತೆ. ಚಿಕ್ಕಮ್ಮ ಬಾಚ್ಲಿ,” ಅನ್ನುತ್ತಾಳೆ.

ಹೆತ್ತವಳು ನಾನು. ಬಾಚುವವಳು ಅವಳು. ಇದಕ್ಕೆ ಹೊಟ್ಟೆ ಉರಿಯಬಾರದು ಅಂತ ಯಾರಾದರೂ ಹೇಳಿದರೆ ಅವರ ಹೊಟ್ಟೆ ಕಲ್ಲಿನದಿರಬೇಕು.

ನಾವಿಬ್ಬರೂ ದುಡಿಯುವುದು ಒಂದೇ ಆಸ್ಪತ್ರೆಯಲ್ಲಿ, ಒಂದೇ ವಾರ್ಡಿನಲ್ಲಿ. ಆಪರೇಷನ್ ಆದವರನ್ನು ಮಲಗಿಸುವ ವಾರ್ಡು. ನನ್ನ ಮೈದುನನ ಹೆಂಡತಿ ಅಲ್ಲಿ ನರ್ಸು. ನಾನು ಆಯಾ. ಅವಳು ಗಾಯ ತೊಳೆಯುತ್ತಾಳೆ. ಗಾಯದಿಂದ ಕೆಳಗೆ ಬಿದ್ದದ್ದನ್ನು ನಾನು ತೊಳೆಯುತ್ತೇನೆ. ಕೀವು ಒಂದೇ. ರಕ್ತ ಒಂದೇ. ಸಾಯಂಕಾಲ ಬರುವ ಬಸ್ಸೂ ಒಂದೇ. ಮನೆ ಬಾಗಿಲಿಗೆ ಬಂದ ಮೇಲೆ ಮಾತ್ರ ದಾರಿ ಎರಡಾಗುತ್ತದೆ. ಅವಳು ಸೀದಾ ಒಳಗೆ ಹೋಗಿ ನನ್ನ ಮಗಳ ಕೆನ್ನೆ ಹಿಂಡುತ್ತಾಳೆ. ನನ್ನನ್ನು ಅತ್ತೆ ಬಾಗಿಲಲ್ಲೇ ತಡೆಯುತ್ತಾಳೆ.

“ಅಲ್ಲೇ ನಿಲ್ಲು. ಏನೇನು ಮುಟ್ಟಿ ಬಂದಿದೀಯೋ. ಹಿತ್ತಲಿಗೆ ಹೋಗಿ ಮೈ ತೊಳ್ಕೊಂಡು ಬಾ.”

“ಅತ್ತೆ, ಅವಳೂ ಅದೇ ವಾರ್ಡಿಂದಾನೇ ಬಂದಿದಾಳೆ.”

“ಅವಳು ನರ್ಸು ಕಣೇ.”

ಕೀವು ಆಯಾಗೆ ಅಂಟುತ್ತದೆ, ನರ್ಸಿಗೆ ಅಂಟುವುದಿಲ್ಲ. ಇದು ಅತ್ತೆಯ ವಿಜ್ಞಾನ. ಆಸ್ಪತ್ರೆಯವರ ವಿಜ್ಞಾನವೂ ಇದಕ್ಕಿಂತ ಬಹಳ ದೂರವೇನಿರಲಿಲ್ಲ.

ವಾರಗಿತ್ತಿ ಆ ವಾರ್ಡಿಗೆ ಬರುವ ಹಿಂದಿನ ದಿನ ಒಲೆಯ ಮುಂದೆ ನನ್ನ ಪಕ್ಕ ಬಂದು ಕೂತಿದ್ದಳು. “ಅಕ್ಕಾ, ತಪ್ಪು ತಿಳ್ಕೋಬೇಡ. ಅಲ್ಲಿ ನಾವಿಬ್ರೂ ಒಂದೇ ಮನೆಯವ್ರು ಅಂತ ಹೇಳೋದು ಬೇಡ. ಹೊಸ ಕೆಲಸ. ಆಡ್ಕೋತಾರೆ.” ನಾನು ಹೂಂ ಅಂದೆ. ಬೆಳಿಗ್ಗೆ ಅವಳು ಬಸ್ಸಿನಲ್ಲಿ ಮುಂದೆ ಕೂತಳು, ನಾನು ಹಿಂದೆ. ವಾರ್ಡಿನಲ್ಲಿ ಅವಳು, “ಆಯಾ, ಬಂದು ಇಲ್ಲಿ ಒರೆಸು,” ಅಂದಾಗ ಯಾರನ್ನು ಕರೆದಳು ಅಂತ ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ಆ ವಾರ್ಡಿನ ಬಾಗಿಲ ಪಕ್ಕ ಒಂದು ಸಿಂಕ್ ಇದೆ. ಅದರ ನಲ್ಲಿಗೆ ಉದ್ದ ಹಿಡಿ. ಕೈಯಿಂದ ಮುಟ್ಟುವ ಹಾಗಿಲ್ಲ, ಮೊಣಕೈಯಿಂದ ತಳ್ಳಬೇಕು. ತಳ್ಳಿದರೆ ಬೆಚ್ಚಗಿನ ನೀರು ಬರುತ್ತದೆ. ಪಕ್ಕದಲ್ಲಿ ಸೋಪಿನ ನೀರು. ಗೋಡೆಯ ಮೇಲೆ ಎರಡು ಕೈ ಒಂದನ್ನೊಂದು ಉಜ್ಜುವ ಚಿತ್ರಗಳು. ಮೇಲೆ ‘ಸಿಬ್ಬಂದಿಗೆ ಮಾತ್ರ’ ಅಂತ ಬೋರ್ಡು. ಆ ಸಿಂಕನ್ನು ದಿನಾ ತಿಕ್ಕಿ ಹೊಳೆಯಿಸುವವಳು ನಾನು. ಅದರಲ್ಲಿ ನನ್ನ ಮುಖ ಕಾಣುತ್ತದೆ, ಅಷ್ಟು ತಿಕ್ಕುತ್ತೇನೆ. ಒಮ್ಮೆ ಹೊಟ್ಟೆ ಕೆಟ್ಟ ಅಜ್ಜನ ಬಟ್ಟೆ ಬದಲಿಸುವಾಗ ಎಲ್ಲವೂ ನನ್ನ ಮುಂಗೈವರೆಗೆ ಹರಿಯಿತು. ಓಡಿ ಹೋಗಿ ಆ ನಲ್ಲಿಯನ್ನು ಮೊಣಕೈಯಿಂದ ತಳ್ಳಿದೆ. ನಮ್ಮನ್ನು ಕೆಲಸಕ್ಕೆ ಹಚ್ಚುವ ಮೇಸ್ತ್ರಿ ಎಲ್ಲಿದ್ದನೋ ಬಂದ.

“ಏಯ್! ಅದು ಸ್ಟಾಫಿಗೆ.”

“ನಾನ್ಯಾರು ಹಾಗಾದ್ರೆ?”

“ನೀನು ಕಂಟ್ರಾಕ್ಟು. ಬಕೆಟ್ ಕೋಣೆಗೆ ಹೋಗು.”

ಬಕೆಟ್ ಕೋಣೆಯಲ್ಲಿ ನಮ್ಮ ನಲ್ಲಿ. ಮೊಣಕಾಲಿಗಿಂತ ಕೆಳಗೆ. ನೆಲ ಒರೆಸಿದ ಬಟ್ಟೆ ಹಿಂಡುವುದೂ ಅಲ್ಲೇ, ಕೈ ತೊಳೆಯುವುದೂ ಅಲ್ಲೇ, ನಾವು ನೀರು ಕುಡಿಯುವುದೂ ಅಲ್ಲೇ. ಸೋಪಿಲ್ಲ. ಮೊಳೆಗೆ ನೇತುಹಾಕಿದ ಒಂದು ಜೊತೆ ರಬ್ಬರ್ ಗ್ಲೌಸಿದೆ. ಮೂರು ಪಾಳಿಯವರಿಗೂ ಅದೇ. ಒಳಗೆ ಕೈ ಹಾಕಿದರೆ ಹಿಂದಿನ ಪಾಳಿಯವಳ ಬೆವರು ತಣ್ಣಗೆ ತಾಗುತ್ತದೆ. ಹೆಬ್ಬೆರಳಲ್ಲಿ ತೂತು. ನರ್ಸುಗಳು ಡಬ್ಬದಿಂದ ಹೊಸ ಗ್ಲೌಸು ಎಳೆಯುವ ಶಬ್ದ ಕೇಳಿದರೆ ನನ್ನ ಮೈಯೆಲ್ಲ ಕಿವಿಯಾಗುತ್ತದೆ. ಚಟ್ ಅಂತ ಹಾಕಿಕೊಳ್ಳುತ್ತಾರೆ. ಚಟ್ ಅಂತ ತೆಗೆದು ಎಸೆಯುತ್ತಾರೆ. ಎಸೆದದ್ದನ್ನು ನಾನು ಬರಿಗೈಯಲ್ಲಿ ಎತ್ತುತ್ತೇನೆ.

ಈ ಸಲದ ಮಳೆಗಾಲದಲ್ಲಿ ವಾರ್ಡಿನ ಗಾಯಗಳು ಕೊಳೆಯತೊಡಗಿದವು. ಒಬ್ಬನಿಗೆ ಆದದ್ದು ಪಕ್ಕದವನಿಗೆ. ಅಲ್ಲಿಂದ ಎದುರಿನವನಿಗೆ. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಡ್ರೈವರ್ ಇದ್ದ. ಮೂಳೆ ಕೂಡಿಸಿಕೊಂಡು ಮನೆಗೆ ಹೋಗಬೇಕಾದವನು. ಈಗ ಕಾಲೇ ತೆಗೆಯಬೇಕಾಗಬಹುದು ಅನ್ನುತ್ತಿದ್ದರು. ಅವನ ಹೆಂಡತಿ ಮಂಚದ ಕಾಲಿಗೆ ಒರಗಿ ಹಗಲೆಲ್ಲ ಕೂತಿರುತ್ತಿದ್ದಳು.

ಆಗ ಬಂದವಳು ಟಾರ್ಚ್ ಸಿಸ್ಟರ್. ಸೋಂಕು ಹರಡದಂತೆ ನೋಡಿಕೊಳ್ಳುವುದು ಅವಳ ಕೆಲಸ. ಕೈಯಲ್ಲಿ ನೇರಳೆ ಬೆಳಕಿನ ಟಾರ್ಚು, ಜೇಬಿನಲ್ಲಿ ಒಂದು ಟ್ಯೂಬು. ಟ್ಯೂಬಿನಲ್ಲಿರುವ ಲೇಪ ಕಣ್ಣಿಗೆ ಕಾಣದು. ಬೆಳಿಗ್ಗೆ ಮಂಚದ ಕಂಬಿಗಳ ಮೇಲೆ, ಸ್ವಿಚ್ಚಿನ ಮೇಲೆ ಯಾರಿಗೂ ಗೊತ್ತಾಗದ ಹಾಗೆ ಒಂದೊಂದು ಚುಕ್ಕೆ ಇಡುತ್ತಾಳೆ. ಮಧ್ಯಾಹ್ನ ಪರದೆ ಎಳೆದು, ದೀಪ ಆರಿಸಿ ಟಾರ್ಚು ಬಿಡುತ್ತಾಳೆ. ಚುಕ್ಕೆ ನೀಲಿಯಾಗಿ ಹೊಳೆದರೆ ಆಯಾ ಒರೆಸಿಲ್ಲ ಅಂತ ಲೆಕ್ಕ. ಆ ಪರೀಕ್ಷೆ ಆಯಾಗಳಿಗೆ ಮಾತ್ರ.

ನಾನು ಎರಡು ಸಲ ಸಿಕ್ಕಿಬಿದ್ದೆ. ಇಡೀ ವಾರ್ಡಿಗೆ ಒಂದು ಬಕೆಟು, ಒಂದು ಬಟ್ಟೆ ಕೊಟ್ಟರೆ ಇನ್ನೇನಾಗುತ್ತದೆ? ಮೇಸ್ತ್ರಿ ಎಲ್ಲರೆದುರು ಬೈದ. “ಇನ್ನೊಂದು ಸಲ ಹೊಳೀಲಿ, ಗೇಟಿನ ಹೊರಗೆ ನಿಂತ್ಕೋತೀಯ.” ಅದೇ ದಿನ ನನ್ನ ವಾರಗಿತ್ತಿಗೆ ಬ್ಯಾಡ್ಜು ಕೊಟ್ಟರು. ‘ಶುಭ್ರ ಹಸ್ತ’ ಅಂತ ಬರೆದಿತ್ತು, ಮೇಲೆ ಬಿಳಿಯ ಅಂಗೈ ಚಿತ್ರ. ಅವಳು ಅದನ್ನು ಮನೆಗೂ ಹಾಕಿಕೊಂಡು ಬಂದಳು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ನನ್ನ ಮಗಳು ಅದನ್ನು ತನ್ನ ಎದೆಗೆ ಚುಚ್ಚಿಕೊಂಡು, “ನಾನೂ ಚಿಕ್ಕಮ್ಮನ ಥರ ಆಗ್ತೀನಿ,” ಅಂದಳು. ಹಿತ್ತಲಲ್ಲಿ ಒದ್ದೆ ಮೈಯಲ್ಲಿ ನಿಂತು ನಾನದನ್ನು ಕೇಳಿಸಿಕೊಂಡೆ.

ಒಂದೇ ಒಂದು ಸಲ ಆ ಟಾರ್ಚು ಇವಳ ಕೈ ಮೇಲೆ ಬೀಳಲಿ ಅಂತ ಬೇಡಿಕೊಂಡೆ. ದೇವರಿಗೂ ಅದು ಕೇಳಿಸಲಿಲ್ಲ. ಅವನೂ ಸ್ಟಾಫೇ ಇರಬೇಕು.

ಕೊನೆಗೆ ನಾನೇ ಕೈ ಹಾಕಿದೆ. ಒಂದು ಬೆಳಿಗ್ಗೆ ಟಾರ್ಚ್ ಸಿಸ್ಟರ್ ಚುಕ್ಕೆ ಇಟ್ಟು ಮುಗಿಸಿ, ಟ್ಯೂಬನ್ನು ಕಿಟಕಿಯ ಮೇಲೆ ಮರೆತು ಟೀ ಕುಡಿಯಲು ಹೋದಳು. ನಾನು ಟ್ಯೂಬೆತ್ತಿ ಡ್ರೆಸ್ಸಿಂಗ್ ಟ್ರಾಲಿಯ ಹಿಡಿಗೆ ದಪ್ಪಗೆ ಹಿಂಡಿ ಸವರಿದೆ. ಆ ಟ್ರಾಲಿಯನ್ನು ಮುಟ್ಟುವವರು ನರ್ಸು, ಡಾಕ್ಟರು ಅಷ್ಟೇ. ನಾವು ಮುಟ್ಟಿದರೆ ಮೈಲಿಗೆ. ಮಧ್ಯಾಹ್ನ ಟಾರ್ಚು ಬಿಟ್ಟಾಗ ಅವಳ ಬೆಣ್ಣೆ ಕೈ ನೀಲಿಯಾಗಿ ಹೊಳೆಯಬೇಕು, ಬ್ಯಾಡ್ಜಿನ ಮಾನ ಹೋಗಬೇಕು. ನನ್ನ ಆಸೆ ಇಷ್ಟೇ. ಇದಕ್ಕಿಂತ ದೊಡ್ಡ ನ್ಯಾಯದ ಯೋಚನೆ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನನ್ನ ಕೆಲಸಕ್ಕೆ ಕೂತೆ. ಮನೆಯಿಂದ ಹಳೇ ಬೆಡ್‌ಶೀಟು ಹರಿದು ತಂದಿದ್ದೆ, ಮಂಚಕ್ಕೊಂದು ತುಂಡು. ಮಂಡಿಯೂರಿ ಕಂಬಿಗಳನ್ನು ಮೇಲಿಂದ ಕೆಳಗೆ ಉಜ್ಜಿದೆ. ಡ್ರಿಪ್ ಸ್ಟ್ಯಾಂಡ್, ಸ್ವಿಚ್ಚು, ಬಾಗಿಲ ಚಿಲಕ, ಒಂದನ್ನೂ ಬಿಡಲಿಲ್ಲ. ಸೊಂಟ ಬಿದ್ದುಹೋಯಿತು. ಅಂಗೈಯ ಒಡಕಿನಿಂದ ರಕ್ತ ಜಿನುಗಿ ಬಟ್ಟೆಗೆ ಹತ್ತಿತು. ಬಟ್ಟೆ ಬದಲಿಸಿ ಮತ್ತೆ ಒರೆಸಿದೆ.

ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡಿಗೆ ಬಂದರು. ನನ್ನ ವಾರಗಿತ್ತಿ ಟ್ರಾಲಿ ತಳ್ಳಿಕೊಂಡು ಹಿಂದೆ ಹಿಂದೆ. ಒಂದು ಮಂಚ, ಇನ್ನೊಂದು ಮಂಚ. ಬ್ಯಾಂಡೇಜು ಬಿಚ್ಚು, ಕಂಬಿ ಇಳಿಸು, ಮುಂದೆ ನಡಿ. “ಬೇಗ ಬೇಗ ಸಿಸ್ಟರ್!” ಸಿಂಕಿನ ಕಡೆ ಒಬ್ಬರೂ ತಿರುಗಲಿಲ್ಲ. ನಾನು ಮೂಲೆಯಲ್ಲಿ ಮಾಪು ಹಿಡಿದು ನೋಡುತ್ತಿದ್ದೆ. ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ತಳ್ಳು ತಾಯಿ, ಚೆನ್ನಾಗಿ ತಳ್ಳು, ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

ಮಧ್ಯಾಹ್ನ ಪರದೆ ಎಳೆದರು. ದೀಪ ಆರಿಸಿದರು. ದೊಡ್ಡ ಡಾಕ್ಟರು, ಮೇಸ್ತ್ರಿ, ನನ್ನ ವಾರಗಿತ್ತಿ ಸಾಲಾಗಿ ನಿಂತರು. ಟಾರ್ಚ್ ಸಿಸ್ಟರ್ ಮೊದಲ ಮಂಚದ ಕಂಬಿಗೆ ಬೆಳಕು ಬಿಟ್ಟಳು.

ಕಂಬಿ ಹೊಳೆಯಿತು.

ಎರಡನೇ ಮಂಚ. ಅದೂ ಹೊಳೆಯಿತು. ಡ್ರಿಪ್ ಸ್ಟ್ಯಾಂಡು ಹೊಳೆಯಿತು. ಸ್ವಿಚ್ಚು, ನೀರಿನ ಜಗ್ಗು, ಹೊದಿಕೆಯ ಅಂಚು. ಡ್ರೈವರನ ಕಾಲಿನ ಬ್ಯಾಂಡೇಜಿನ ಮೇಲೆ ನೀಲಿ ಬೆರಳುಗಳು ಉದ್ದಕ್ಕೆ ಮೂಡಿದ್ದವು. ನಾನು ಬೆನ್ನು ಮುರಿದು ಒರೆಸಿದ್ದ ಕಂಬಿಗಳ ಮೇಲೆಲ್ಲ ಅವೇ ಬೆರಳುಗಳು. ಟ್ರಾಲಿಯ ಹಿಡಿಗೆ ನಾನು ಸವರಿದ್ದು ಅವರ ಕೈ ಹತ್ತಿ ವಾರ್ಡನ್ನೆಲ್ಲ ಸುತ್ತಿಕೊಂಡು ಬಂದು ನನ್ನ ಕುತ್ತಿಗೆಗೇ ಸುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

“ಮುಗೀತು ನಿನ್ನ ಕಥೆ,” ಅಂದ ಮೇಸ್ತ್ರಿ.

“ಗಾಯ ಯಾಕೆ ಕೊಳೀತಿದೆ ಅಂತ ಈಗ ಗೊತ್ತಾಯ್ತಲ್ಲ,” ಅಂದರು ದೊಡ್ಡ ಡಾಕ್ಟರು. “ಇಂಥವರನ್ನ ಇಟ್ಕೊಂಡ್ರೆ ಇನ್ನೇನಾಗುತ್ತೆ. ಈಗಲೇ ಕಳಿಸಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ವಾರಗಿತ್ತಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಸುಮ್ಮನೆ ಹೋಗಿಬಿಡುತ್ತಿದ್ದೆನೋ ಏನೋ. ಎಷ್ಟೋ ಸಲ ಸುಮ್ಮನಿದ್ದವಳು. ಆದರೆ ಡ್ರೈವರನ ಹೆಂಡತಿ ಎದ್ದು ಬಂದಳು. ಕತ್ತಲಲ್ಲಿ ನನ್ನ ಮುಖಕ್ಕೆ ಮುಖ ತಂದಳು.

“ನನ್ನ ಗಂಡನ ಕಾಲು ಹಾಳು ಮಾಡಿದ್ದು ನೀನೇನಾ?”

ನನ್ನ ಕಾಲ ಬಳಿಯೇ ಉಗಿದಳು. ಉಗುಳಿನ ಒಂದು ಹನಿ ಪಾದಕ್ಕೆ ಬಿತ್ತು. ಅದನ್ನೂ ನಾನೇ ಒರೆಸಬೇಕಿತ್ತು. ಬಟ್ಟೆ ಕೈಯಲ್ಲೇ ಇತ್ತು. ಬಗ್ಗಲಿಲ್ಲ.

“ಟ್ರಾಲಿಗೆ ಬಿಡಿ ಟಾರ್ಚು,” ಅಂದೆ.

“ಏನು?”

“ಟ್ರಾಲಿ ಹಿಡಿಗೆ. ಅದನ್ನ ಆಯಾಗಳು ಮುಟ್ಟಲ್ಲ. ಬಿಡಿ ನೋಡೋಣ.”

ಟಾರ್ಚ್ ಸಿಸ್ಟರ್ ಬಿಟ್ಟಳು. ಹಿಡಿ ಒಲೆಯ ಹಾಗೆ ಉರಿಯಿತು. ಅವಳು ಮತ್ತೆ ಕಂಬಿಯ ಮೇಲಿನ ಗುರುತುಗಳ ಕಡೆ ಬೆಳಕು ತಿರುಗಿಸಿದಳು. ಆಮೇಲೆ ನಿಧಾನಕ್ಕೆ, “ನಾನು ಟ್ರಾಲಿಗೆ ಹಚ್ಚೇ ಇಲ್ಲ. ಕಂಬಿ ಮೇಲೆ ಬರೀ ಚುಕ್ಕೆ ಇಟ್ಟಿದ್ದೆ. ಇವು ಚುಕ್ಕೆ ಅಲ್ಲ,” ಅಂದಳು.

“ಹೌದು. ಟ್ರಾಲಿಗೆ ಹಚ್ಚಿದ್ದು ನಾನು. ಹಾಸಿಗೆ ಹಾಸಿಗೆಗೂ ಹಚ್ಚಿದ್ದು ನೀವು.”

“ಅಕ್ಕಾ, ಸುಮ್ನಿರು!”

ವಾರಗಿತ್ತಿಯ ಬಾಯಿಂದ ಅದು ಜಾರಿಬಿತ್ತು. ಎಲ್ಲರೂ ಅವಳ ಕಡೆ ತಿರುಗಿದರು. ಆ ವಾರ್ಡಿನಲ್ಲಿ ಅವಳು ನನ್ನನ್ನು ಅಕ್ಕ ಅಂದದ್ದು ಅದೇ ಮೊದಲು, ಅದೂ ಬಾಯಿ ಮುಚ್ಚಿಸಲಿಕ್ಕೆ.

“ಸುಮ್ನಿದ್ದಿದ್ದು ಸಾಕು. ಕೈ ತೋರ್ಸಿ ಎಲ್ರೂ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೊಡ್ಡ ಡಾಕ್ಟರು ಎರಡೂ ಕೈ ಜೇಬಿಗೆ ಹಾಕಿದರು. ಟಾರ್ಚು ಅತ್ತ ತಿರುಗಿತು. ಜೇಬಿನ ಅಂಚು ಹೊಳೆಯಿತು. ಕನ್ನಡಕದ ಕಡ್ಡಿಯೂ ಹೊಳೆಯಿತು. ನನ್ನ ವಾರಗಿತ್ತಿ ಕೈ ಎಲ್ಲಿಡಬೇಕೆಂದು ತಿಳಿಯದೆ ಎದೆಯ ಬ್ಯಾಡ್ಜನ್ನು ಮುಚ್ಚಿಕೊಂಡಳು. ಬಿಳಿಯ ಅಂಗೈ ಚಿತ್ರದ ಮೇಲೆ ಅವಳ ನೀಲಿ ಬೆರಳುಗಳು.

ನಾನು ಬೇಡಿಕೊಂಡದ್ದು ಇದನ್ನೇ. ಸಿಕ್ಕಿತು. ಬಾಯಿ ಮಾತ್ರ ಕಹಿಯಾಯಿತು, ಯಾಕೆಂದರೆ ಪಕ್ಕದಲ್ಲೇ ಡ್ರೈವರನ ಕಾಲು ಅದೇ ನೀಲಿಯಲ್ಲಿ ಹೊಳೆಯುತ್ತಿತ್ತು.

ನನ್ನ ಕೈಯನ್ನೂ ಬೆಳಕಿಗೆ ಹಿಡಿದೆ. ಒಡಕು ಒಡಕಿನಲ್ಲೂ ನೀಲಿ. ಬಕೆಟ್ ಕೋಣೆಯ ನೀರಿಗೆ ಅದು ಹೋಗಿರಲಿಲ್ಲ. “ನೋಡಿ, ನನ್ನದೂ ಹೊಳೀತಿದೆ. ಸೋಪಿಲ್ಲದ ಕೈ ಇದು,” ಅಂದೆ. ನೆಟ್ಟಗೆ ನಡೆದು ಸಿಂಕಿನ ಮುಂದೆ ನಿಂತೆ. ಮೊಣಕೈಯಿಂದ ನಲ್ಲಿ ತಳ್ಳಿದೆ.

“ಏಯ್, ಅದು ಸ್ಟಾಫಿಗೆ!” ಮೇಸ್ತ್ರಿ ಓಡಿ ಬಂದ.

“ಬಾ, ಮುಟ್ಟು. ಕೈಯಲ್ಲಿ ಏನಿದೆ ಅಂತ ನೋಡ್ದೆ ತಾನೆ?”

ಅವನು ಅಲ್ಲೇ ನಿಂತ. ಬೆಚ್ಚಗಿನ ನೀರು ಒಡಕುಗಳಿಗೆ ಇಳಿದು ಚುರುಗುಟ್ಟಿತು. ಸೋಪು ಹಾಕಿದೆ. ಗೋಡೆಯ ಮೇಲಿನ ಚಿತ್ರದಲ್ಲಿದ್ದ ಹಾಗೇ ಉಜ್ಜಿದೆ, ಅಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು. ನೋವಿಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತೂ ಯಾರೂ ದೀಪ ಹಾಕಲಿಲ್ಲ. ಮುಗಿಸಿ ಬಂದು ಟಾರ್ಚಿನ ಕೆಳಗೆ ಕೈ ಚಾಚಿದೆ. ಕತ್ತಲು. ಟಾರ್ಚು ಬಿದ್ದವರಲ್ಲಿ ಹೊಳೆಯದ ಕೈ ನನ್ನದೊಂದೇ.

ಡ್ರೈವರನ ಹೆಂಡತಿ ನನ್ನ ಕೈ ನೋಡಿದಳು. ಆಮೇಲೆ ದೊಡ್ಡ ಡಾಕ್ಟರ ಜೇಬು ನೋಡಿದಳು.

“ಆಸ್ಪತ್ರೆ ಸಾಮಾನು ಕದ್ದಿದಾಳೆ,” ಅಂದರು ಅವರು. “ಹೊರಗೆ ಹಾಕಿ.”

ನಾನು ಬಕೆಟನ್ನು ತಂದು ಸಿಂಕಿನ ಕೆಳಗೆ ಇಟ್ಟೆ. “ಈ ನಲ್ಲಿ ನಮಗೂ ಬಿಡಿ. ಅಲ್ಲೀವರೆಗೆ ಈ ಬಕೆಟನ್ನ ನಾನು ಮುಟ್ಟಲ್ಲ.” ಮೇಸ್ತ್ರಿ ತೋಳು ಹಿಡಿಯಲು ಬಂದವನು ಮತ್ತೆ ಕೈ ಹಿಂದೆ ತೆಗೆದುಕೊಂಡ. ನಾನೇ ನಡೆದು ಹೊರಗೆ ಬಂದೆ.

ಅಂದು ಮನೆಗೆ ಬಂದಾಗ ಅತ್ತೆ ಎಂದಿನಂತೆ ಬಾಗಿಲಲ್ಲಿದ್ದಳು. “ಅಲ್ಲೇ ನಿಲ್ಲು.” ನಿಂತೆ. ಹಿತ್ತಲಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ವಾರಗಿತ್ತಿ ಬಂದಳು. ಅಳುತ್ತ ಬಂದಿದ್ದಳು ಅಂತ ಕಣ್ಣು ಹೇಳುತ್ತಿತ್ತು. ಎದೆಯ ಮೇಲೆ ಬ್ಯಾಡ್ಜಿರಲಿಲ್ಲ. ಮಗಳು ‘ಚಿಕ್ಕಮ್ಮಾ’ ಅಂತ ಓಡಿದಳು. ಅವಳು ಎರಡೂ ಕೈ ಮೇಲೆತ್ತಿ ಹಿಂದೆ ಸರಿದಳು.

“ಬೇಡ ಪುಟ್ಟಾ, ಮುಟ್ಟಬೇಡ. ತಡಿ.”

ಸೀದಾ ಹಿತ್ತಲಿಗೆ ನಡೆದಳು. ನಾನೂ ಹಿಂದೆ ಹೋದೆ. ಅವಳು ಕೈ ಒಡ್ಡಿದಳು. ನಾನು ಚೊಂಬಿನಿಂದ ನೀರು ಹೊಯ್ದೆ.

“ಅಕ್ಕಾ, ಪುರಸೊತ್ತೇ ಕೊಡಲ್ಲ ಅವ್ರು. ಅಷ್ಟು ಮಂಚಕ್ಕೆ ನಾನೊಬ್ಳೇ. ಕೈ ತೊಳೀತಾ ನಿಂತ್ರೆ ಸೋಮಾರಿ ಅಂತಾರೆ.”

“ನಿನಗೆ ನಲ್ಲಿ ಇದೆ, ಪುರಸೊತ್ತಿಲ್ಲ. ನನಗೆ ನಲ್ಲೀನೇ ಇಲ್ಲ. ಅದನ್ನ ಅಲ್ಲಿ ಹೇಳೋಕೆ ಬಾಯಿ ಇರಲಿಲ್ವಾ ನಿನಗೆ?”

“ಭಯ ಆಯ್ತು.”

“ನನಗೂ ಆಯ್ತು ಕಣೇ. ಅಳಬೇಡ. ನೀನು ಅತ್ತರೂ ಚೆಂದ ಕಾಣ್ತೀಯ, ಅದಕ್ಕೂ ನನಗೆ ಹೊಟ್ಟೆ ಉರಿಯುತ್ತೆ.”

ಅವಳು ಅಳುತ್ತಲೇ ನಕ್ಕಳು. ನಾನು ನಗಲಿಲ್ಲ.

ಮರುದಿನ ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತ. ಒಳಗೆ ಬಿಡಬೇಡ ಅಂತ ಹೇಳಿದ್ದಾರೆ ಅಂದ. ನಾನು ಅಲ್ಲೇ ಕೂತೆ. ವಿಷಯ ಬಕೆಟ್ ಕೋಣೆಗೆ ಮುಟ್ಟಿತು. ಎಲ್ಲರಿಗಿಂತ ಹಿರಿಯ ಆಯಾ, ನಾವೆಲ್ಲ ಬಕೆಟಜ್ಜಿ ಅನ್ನುವವಳು, ಗ್ಲೌಸನ್ನು ಮೊಳೆಯಿಂದ ತೆಗೆದು ತಂದು ನನ್ನ ಪಕ್ಕ ಕೂತಳು. ಅವಳ ಹಿಂದೆ ಬೇರೆ ವಾರ್ಡಿನವರೂ ಬಂದರು. ಮಧ್ಯಾಹ್ನದ ಹೊತ್ತಿಗೆ ವಾರ್ಡುಗಳ ವಾಸನೆ ಗೇಟಿನವರೆಗೆ ಬಂತು. ಆಮೇಲೆ ಮೇಸ್ತ್ರಿ ಬಂದ. ಧ್ವನಿ ಇಳಿದಿತ್ತು.

“ಆಯ್ತಮ್ಮ. ಕೆಲಸಕ್ಕೆ ವಾಪಸ್ ತಗೋತಾರಂತೆ. ಮೆಟ್ಟಿಲ ಕೆಳಗೆ ನಿಮಗೇ ಅಂತ ಬೇರೆ ನಲ್ಲಿ ಹಾಕಿಸಿಕೊಡ್ತಾರೆ. ಸೋಪೂ ಇಡ್ತಾರೆ. ಏಳಿ ಇನ್ನು.”

ಕೆಲವರು ಏಳಲು ನೋಡಿದರು. ಮನೆಯಲ್ಲಿ ಮಕ್ಕಳಿದ್ದಾರೆ, ನನಗೂ ಇದ್ದಾಳೆ. ಬಕೆಟಜ್ಜಿ ನನ್ನ ಮುಖ ನೋಡಿದಳು.

“ಬೇರೆ ನಲ್ಲಿ ಯಾಕೆ?” ಅಂದೆ. “ಆ ನಲ್ಲೀಲಿ ನೀರಿಲ್ವಾ?”

“ಅದು…”

“ಸ್ಟಾಫಿಗೆ. ಗೊತ್ತು. ಹೋಗಿ ಹೇಳು. ನಮಗೆ ಅದೇ ನಲ್ಲಿ ಬೇಕು.”

ಏಳಲು ನೋಡಿದವರು ಮತ್ತೆ ಕೂತರು.

ಇವತ್ತಿಗೂ ಕೂತಿದ್ದೇವೆ. ಬೆಳಿಗ್ಗೆ ಪಾಳಿಗೆ ಹೋಗುವಾಗ ನನ್ನ ವಾರಗಿತ್ತಿ ಗೇಟಿನಲ್ಲಿ ನಿಲ್ಲುತ್ತಾಳೆ. ವಾಚ್‌ಮನ್‌ಗೂ, ಡಾಕ್ಟರುಗಳಿಗೂ ಕೇಳುವ ಹಾಗೆ, “ಅಕ್ಕಾ, ಊಟ ತಂದಿದೀನಿ, ತಿನ್ನು,” ಅನ್ನುತ್ತಾಳೆ. ಡಬ್ಬಿ ಕೊಟ್ಟು ಒಳಗೆ ಹೋಗುತ್ತಾಳೆ. ಮಂಚದಿಂದ ಮಂಚಕ್ಕೆ ಹೋಗುವ ಮುಂಚೆ ಈಗ ಕೈ ತೊಳೆಯುತ್ತಾಳಂತೆ. ಬೈದರೂ ತೊಳೆಯುತ್ತಾಳಂತೆ. ಒಳ್ಳೆಯದು. ಆದರೆ ಅವಳು ಆ ಬಾಗಿಲು ದಾಟುವುದನ್ನು ನೋಡುವಾಗ, ಮೊಣಕೈಯಿಂದ ಆ ಹಿಡಿ ತಳ್ಳುವುದನ್ನು ನೆನೆಯುವಾಗ, ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಉರಿಯಲಿ. ಮೆಟ್ಟಿಲ ಕೆಳಗಿನ ನಲ್ಲಿಯ ನೀರಿಗೆ ಇದು ಆರುವುದಿಲ್ಲ.